ಕಾಗದದಲ್ಲಿದ್ದ ಹೆಸರು

"ಇದು ಬೇರೆ ಮಗುವಿನ ಕಾಗದ ಕಣಮ್ಮಾ," ಎಂದು ಕಾನ್ವೆಂಟ್ ಶಾಲೆಯ ಸಿಸ್ಟರ್ ಜನನಪತ್ರವನ್ನು ಮೇಜಿನ ಮೇಲೆ ಹಿಂದಕ್ಕೆ ಸರಿಸಿದರು. "ಇದ್ರಲ್ಲಿ ದೆಜಿರೆ ಅನ್ನೋ ಹೆಸರೇ ಇಲ್ಲ."

ಮಗಳ ಕಾಲರು ಸರಿಪಡಿಸುತ್ತಿದ್ದ ಮಿರ್ಲಾಂದ್ ತಲೆಯೆತ್ತಿದಳು. ಅವಳಿಗೆ ಓದು ಬಾರದು. "ತಾಯಿ ಹೆಸರು ನಂದೇ ಇದೆಯಾ ನೋಡಿ, ಸಿಸ್ಟರ್."

"ಇದೆ. ತಂದೆ ಸೊವೆನಾಲ್ ದೊರ್ಸೆ. ಹುಟ್ಟಿದ ದಿನಾನೂ ನೀನು ಹೇಳಿದ್ದೇ." ಸಿಸ್ಟರ್ ದನಿ ತಗ್ಗಿಸಿದರು. "ಹೆಸರು ಮಾತ್ರ ಅಸೆಫಿ."

ಅಸೆಫಿ ಅಂದರೆ 'ಹೆಣ್ಣು ಸಾಕು'. ಜೆರೆಮಿ ಊರಲ್ಲಿ ಆ ಹೆಸರಿನ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೂರು ಹೆಣ್ಣಾದ ಮೇಲೆ ಹುಟ್ಟಿದ ಈ ಮಗಳನ್ನು ಸೂಲಗಿತ್ತಿ ಎದೆಯ ಮೇಲೆ ಮಲಗಿಸಿದಾಗ, ಯಾರಾದರೂ ಮರುಕದ ಮಾತಾಡುವ ಮೊದಲೇ ಮಿರ್ಲಾಂದ್ ಹೆಸರು ಹೇಳಿಬಿಟ್ಟಿದ್ದಳು: ದೆಜಿರೆ, ಬಯಸಿ ಪಡೆದವಳು. ಪಾದ್ರಿಯೂ ಅದೇ ಹೆಸರು ಹೇಳಿ ಮಗುವಿನ ತಲೆಗೆ ನೀರು ಹಾಕಿದ್ದರು. ಗಂಡ ಆಗ ಗಡಿಯಾಚೆ ಕಬ್ಬು ಕಡಿಯಲು ಹೋಗಿದ್ದ. ಕಚೇರಿಗೆ ಹೋಗಿ ಹುಟ್ಟು ಬರೆಸಿ ಬಂದವಳು ಅತ್ತೆ. ಆರು ವರ್ಷ ಕಾಗದ ಅವಳ ಪೆಟ್ಟಿಗೆಯಲ್ಲೇ ಇತ್ತು.

ಮಿರ್ಲಾಂದ್ ಕಾಗದ ಕಸಿದುಕೊಂಡು, ಮಗಳ ಕೈಹಿಡಿದು ಅಂಗಳಕ್ಕೆ ಬಂದಳು. ಊರಿಗೆಲ್ಲ ಮದಾಮ್ ದೊರ್ಸೆ ಆಗಿದ್ದ ಅತ್ತೆ ಬಾದಾಮಿ ಮರದ ಕೆಳಗೆ ಬೆಂಚಿನ ಮೇಲೆ ಕೂತಿದ್ದಳು.

"ನನ್ ಮಗಳಿಗೆ ಏನ್ ಬರ್ಸಿದ್ರಿ ಅತ್ತೇ?"

ಮುದುಕಿ ಕಾಗದ ನೋಡಿದಳು. ಸೊಸೆಯ ಮುಖ ನೋಡಲಿಲ್ಲ. "ಗುಮಾಸ್ತ ಕೇಳ್ದ. ನನ್ ಹೆಸ್ರೇ ಕೊಟ್ಟೆ."

"ನಿಮ್ ಹೆಸ್ರಾ?"

"ನಾನು ಐದನೇ ಹೆಣ್ಣು ಕಣೇ. ನಮ್ಮಪ್ಪ ಇಟ್ಟಿದ್ದು. ಆಮೇಲೆ ಎರಡು ಗಂಡು ಹುಟ್ಟಿದ್ವು. ನಿನಗೂ ಒಂದಾಗ್ಲಿ ಅಂತ..."

ಹದಿನಾಲ್ಕು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ ಕೂತಿದ್ದರು. ಅತ್ತೆಗೂ ಒಂದು ಹೆಸರಿದ್ದೀತು ಎಂದು ಮಿರ್ಲಾಂದ್ ಯೋಚಿಸಿರಲಿಲ್ಲ.

ದೆಜಿರೆ ಅಜ್ಜಿಯ ಮೊಣಕಾಲಿಗೆ ಆತುಕೊಂಡಳು. "ಅಜ್ಜೀ, ನೀನೂ ಯಾರಿಗೂ ಬೇಡವಾಗಿದ್ಯಾ?"

ಮಿರ್ಲಾಂದ್ ಕುಕ್ಕರಗಾಲಲ್ಲಿ ಕೂತು ಮಗಳ ಮುಖವನ್ನು ತನ್ನತ್ತ ತಿರುಗಿಸಿಕೊಂಡಳು. "ನೀನು ನನಗೆ ಬೇಕಾಗಿ ಬಂದವಳು. ಸೋಮವಾರ ಜಡ್ಜ್ ಹತ್ರ ಹೋಗಿ ಈ ಹೆಸರು ತೆಗೆಸ್ತೀನಿ. ಅಲ್ಲೀವರೆಗೂ ಆ ಹೆಸರಲ್ಲಿ ಯಾರೇ ಕರೀಲಿ, ಓಗೊಡಬೇಡ."

ಅಷ್ಟರಲ್ಲಿ ಸಿಸ್ಟರ್ ದಾಖಲಾತಿ ಪುಸ್ತಕ ಹಿಡಿದು ಬಾಗಿಲಿಗೆ ಬಂದರು. ಕಾಗದದಲ್ಲಿದ್ದುದನ್ನೇ ಅವರು ಬರೆದುಕೊಂಡಿದ್ದರು.

"ಅಸೆಫಿ ದೊರ್ಸೆ," ಎಂದು ಕರೆದರು.

ಹುಡುಗಿ ತಿರುಗಿಯೂ ನೋಡಲಿಲ್ಲ. ಮುದುಕಿ ಬೆಂಚಿನ ಅಂಚು ಹಿಡಿದುಕೊಂಡು ಮೆಲ್ಲಗೆ ಎದ್ದು ನಿಂತಳು.