ಭೂತಕನ್ನಡಿಯ ತಪಾಸಣೆ

ಇದು ನಡೆದ ಕಥೆಯೇ. ನಡೆಸಿದ್ದು ಮಾತ್ರ ಒಂದು ಸುಳ್ಳು ದನಿ.

ಆ ದನಿಯ ಒಡತಿಯನ್ನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಹೊಲಿಗೆ ಯಂತ್ರದ ಮುಂದೆ ಕೂತೇ ಮ್ಯಾನೇಜರನ ಕೆಮ್ಮು, ಡ್ರೈವರನ ಆಕಳಿಕೆ, ಯಾರದನ್ನು ಬೇಕಾದರೂ ತನ್ನ ದನಿಯಲ್ಲಿ ಇಳಿಸಿಬಿಡುವಳು. ಅವಳ ಅಣ್ಣನ ಹೆಂಡತಿ ಅದೇ ಸಾಲಿನ ಕೊನೆಗೆ ಚೆಕಿಂಗ್ ಮೇಜಿನವಳು. ಹೊಲಿದ ಅಂಗಿಯನ್ನು ಟ್ಯೂಬ್‌ಲೈಟಿಗೆ ಹಿಡಿದು, ಒಳಮಗ್ಗುಲು ತಿರುವಿ, ಒಂದೇ ಒಂದು ಹೊಲಿಗೆ ತಪ್ಪಿದ್ದರೂ ಕೆಂಪು ಸ್ಟಿಕ್ಕರ್ ಅಂಟಿಸುವಳು. ಅದಕ್ಕೇ ಅವಳು ಭೂತಕನ್ನಡಿ.

ಅಂಥವಳು ತನ್ನನ್ನು ಮಾತ್ರ ಯಾರಿಗೂ ತೋರಿಸಲೊಲ್ಲಳು. ಅವಳ ಒಡಹುಟ್ಟಿದ ಅಕ್ಕ ಗರ್ಭಕಂಠದ ಕ್ಯಾನ್ಸರಿನಲ್ಲಿ ಸವೆದು ಸವೆದು ಹೋಗಿದ್ದಳು. ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು.

ಕಾರ್ಖಾನೆಗೆ ಅದೇ ಕ್ಯಾನ್ಸರಿನ ತಪಾಸಣೆಗೆಂದು ನರ್ಸ್ ಬಂದ ಬೆಳಿಗ್ಗೆ ರೇಡಿಯೋ ಅತ್ತಿಗೆಯ ಕಾಲು ಹಿಡಿಯುವುದೊಂದು ಬಾಕಿ.

"ಅತ್ತಿಗೆ, ಮೂವತ್ತು ದಾಟಿದವರೆಲ್ಲ ತೋರಿಸ್ಕೋಬೇಕಂತೆ. ಗಳಿಗೆ ಕೆಲಸ."

"ನಂಗೇನಾಗಿದೆ? ಸೊಪ್ಪು, ಕಾಳು, ಹಣ್ಣು ತಿಂದ್ಕೊಂಡು ಗುಂಡುಕಲ್ಲಿನ ಹಾಗಿದೀನಿ."

"ತಿನ್ನಿ, ಒಳ್ಳೇದೇ. ಸೊಪ್ಪು ಒಳಗೆ ಹೋಗಿ ಚೆಕಿಂಗ್ ಮಾಡುತ್ತಾ?"

"ನೀನು ನಿನ್ನ ಕಾಲರ್ ನೆಟ್ಟಗೆ ಹೊಲಿ, ಸಾಕು."

ತಪ್ಪೇ ಇಲ್ಲದ ಅಂಗಿಗೆ ಅತ್ತಿಗೆ ಕೆಂಪು ಸ್ಟಿಕ್ಕರ್ ಅಂಟಿಸಿದ್ದನ್ನು ರೇಡಿಯೋ ಕಂಡಳು. ಅಕ್ಕನ ಹಾಗೆ ಅತ್ತಿಗೆಯೂ ಆಗಿಬಿಟ್ಟರೆ ಎಂಬ ಯೋಚನೆ ಅವಳನ್ನು ಬಿಡಲಿಲ್ಲ.

ಊಟದ ಬಿಡುವು ಮುಗಿಯುತ್ತಲೇ ಮೈಕಿನಲ್ಲಿ ಸೂಪರ್‌ವೈಸರನ ಗೊಗ್ಗರು ದನಿ ಕೇಳಿಸಿತು: "ಚೆಕಿಂಗ್ ಮೇಜಿನವರು ದಯವಿಟ್ಟು ನರ್ಸ್ ಕೋಣೆಗೆ ಹೋಗಿ."

ಭೂತಕನ್ನಡಿ ಕೈಯಲ್ಲಿದ್ದ ಅಂಗಿಯನ್ನು ಮಡಿಸಿಟ್ಟು ಎದ್ದಳು.

ಮೈಕಿನ ಕೋಣೆಯಿಂದ ಜಾರಿಕೊಂಡ ರೇಡಿಯೋ ಅವಳ ಹಿಂದೆಯೇ ಹೋಗಿ ಪರದೆಯಾಚೆ ನಿಂತಳು. ಮಾಡಿದ್ದು ಸರಿಯೋ ತಪ್ಪೋ ತಿಳಿಯದೆ ಕಿವಿಗೊಟ್ಟಳು. ಒಳಗೆ ನರ್ಸ್ ಎಂದಳು: "ಯಾರ ಬಲವಂತಾನೂ ಇಲ್ಲಮ್ಮ. ನಿಮಗೆ ಒಪ್ಪಿಗೆ ಇದ್ರೆ ಮಾತ್ರ."

ಮಂಚ ಕಿರುಗುಟ್ಟಿದ ಸದ್ದು. ಆಮೇಲೆ ಅತ್ತಿಗೆಯ ದನಿ: "ನೋಡಿ."

ಹೊರಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು.

"ಔಷಧಿ ಹಚ್ಚಿ ನೋಡಿದ್ಲು, ಒಳಗೆ ಬಿಳಿ ಮಚ್ಚೆ ಇದೆಯಂತೆ. ಕ್ಯಾನ್ಸರ್ ಅಂತಲ್ಲ. ಆಸ್ಪತ್ರೇಲಿ ಇನ್ನೊಮ್ಮೆ ನೋಡಿ, ಬೇಕಿದ್ರೆ ಅಷ್ಟನ್ನೇ ಸುಟ್ಟು ತೆಗೀತಾರಂತೆ. ಬೇಗ ಸಿಕ್ಕಿದ್ದು ಒಳ್ಳೇದಾಯ್ತು ಅಂದ್ಲು." ಗೋಡೆಗೆ ಒರಗಿದಳು. "ನಮ್ಮಕ್ಕನ್ನ ಹೀಗೆ ಯಾರೂ ನೋಡ್ಲೇ ಇಲ್ಲ ಕಣೆ."

ರೇಡಿಯೋ ಅವಳ ಕೈ ಹಿಡಿದುಕೊಂಡಳು.

"ನನ್ನ ಮಗಳಿಗೆ ಹನ್ನೊಂದು ಅಂದೆ. ಅವಳಿಗೂ ಈಗ್ಲೇ ಈ ಕ್ಯಾನ್ಸರ್ ತಡೆಯೋ ಲಸಿಕೆ ಹಾಕ್ಸಿ, ಅದು ಈ ವಯಸ್ಸಲ್ಲೇ ಆಗ್ಬೇಕು ಅಂದ್ಲು. ನಾಳೆ ಆಸ್ಪತ್ರೆಗೆ ನಮ್ಮಿಬ್ಬರ ಜೊತೆ ನೀನೂ ಬಾ."

"ಬರ್ತೀನಿ. ಅತ್ತಿಗೆ, ಬೈಬೇಡಿ. ಮೈಕಲ್ಲಿ ಕರೆದದ್ದು ನಾನು."

ಭೂತಕನ್ನಡಿ ಜೇಬಿನಿಂದ ಕೆಂಪು ಸ್ಟಿಕ್ಕರ್ ತೆಗೆದು ನಾದಿನಿಯ ಹಣೆಗೆ ಒತ್ತಿದಳು.

"ದಯವಿಟ್ಟು ಅಂದ್ಯಲ್ಲ, ಆಗ್ಲೇ ತಪ್ಪು ಹಿಡಿದೆ. ಆ ಮನುಷ್ಯ ಹುಟ್ಟಿದಾಗಿಂದ ಆ ಮಾತು ಆಡಿದಾನಾ?"

"ಗೊತ್ತಿದ್ದೂ ಹೋದ್ರಾ?"

"ಹೋಗ್ಬೇಕು ಅಂತಿತ್ತು ಕಣೆ, ಕಾಲೇ ಏಳ್ತಿರ್ಲಿಲ್ಲ. ಯಾರಾದ್ರೂ ಎಬ್ಬಿಸ್ಲಿ ಅಂತ ಕಾಯ್ತಿದ್ದೆ."

ಅಷ್ಟರಲ್ಲಿ ಬಾಗಿಲಲ್ಲಿ ನಿಜವಾದ ಸೂಪರ್‌ವೈಸರನೇ ಪ್ರತ್ಯಕ್ಷನಾದ. "ಏನ್ರೀ ಅಲ್ಲಿ ಹರಟೆ? ನಡೀರಿ ಕೆಲಸಕ್ಕೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟೂ ಹೊಲಿಗೆ ಯಂತ್ರಗಳ ಸದ್ದನ್ನು ಮೀರಿ ಕೇಳಿಸಿದ್ದು ಅತ್ತಿಗೆಯ ನಗು.