ಉಜ್ಜದ ಬೆಂಚು

ಆ ಸರ್ಕಾರಿ ಪ್ರೌಢಶಾಲೆಗೆ ಊರಿನ ನಲ್ಲಿನೀರಿಗಿಂತ ಹೆಚ್ಚು ವಯಸ್ಸು. ಕಲ್ಲಿನ ಗೋಡೆ, ಎತ್ತರದ ಕಿಟಕಿ, ಬೇಸಿಗೆಯಲ್ಲೂ ತಣ್ಣಗಿರುವ ಉದ್ದನೆಯ ಕಾರಿಡಾರು. ಕಾರಿಡಾರಿನುದ್ದಕ್ಕೂ ಹಳೆಯ ಹೆಡ್‌ಮಾಸ್ಟರುಗಳ ಫೋಟೋಗಳು. ಎಲ್ಲರಿಗೂ ಒಟ್ಟಿಗೇ ಹಲ್ಲುನೋವು ಬಂದಿತ್ತೇನೋ, ಒಬ್ಬರ ಮುಖದಲ್ಲೂ ನಗುವಿಲ್ಲ. ಅವರಲ್ಲಿ ಮೊದಲನೆಯವರು ಹಾಕಿಕೊಟ್ಟ ಒಂದು ಪದ್ಧತಿ ಇನ್ನೂ ನಡೆದುಕೊಂಡು ಬಂದಿತ್ತು. ಮರಕ್ಕೆ ತತ್ವಾರವಿದ್ದ ಕಾಲದಲ್ಲಿ ಹೊಸ ಬೆಂಚು ಮಾಡಿಸಲಾಗದೆ ಅವರು ಹತ್ತನೇ ತರಗತಿಯವರ ಕೈಗೆ ಉಪ್ಪುಕಾಗದ ಕೊಟ್ಟು, ನೀವು ಗೀಚಿದ್ದನ್ನು ನೀವೇ ಉಜ್ಜಿ ಹೋಗಿ ಅಂದರಂತೆ. ಅಂದಿನಿಂದ ಹತ್ತನೆಯವರ ಕೊನೆಯ ದಿನವೆಂದರೆ ಉಜ್ಜುವ ದಿನ.

ಉಜ್ಜುವುದಕ್ಕೇನು ಕಡಿಮೆ? ಪರೀಕ್ಷೆಗೆ ಬೇಕಾದ ಸೂತ್ರಗಳು, ಬಾಣ ಚುಚ್ಚಿದ ಹೃದಯಗಳು, ಮೇಷ್ಟ್ರುಗಳ ಅಡ್ಡಹೆಸರುಗಳು, ಎಲ್ಲವನ್ನೂ ಮಕ್ಕಳು ವರ್ಷವಿಡೀ ಕೈವಾರದ ಮೊನೆಯಿಂದ ಕೆತ್ತಿರುತ್ತಿದ್ದರು. ಕೊನೆಯ ದಿನ ಬೆಂಚುಗಳೆಲ್ಲ ಅಂಗಳಕ್ಕೆ ಬರುತ್ತಿದ್ದವು. ತಲೆಗೂದಲ ತುಂಬ ಮರದ ಪುಡಿ, ಒಂದು ಕಡೆ ಕಿಸಿಕಿಸಿ ನಗು, ಇನ್ನೊಂದು ಕಡೆ ಗೊಳೋ ಅಂತ ಅಳು. ಕಡೆಗೆ ಮರಗೆಲಸದ ಮೇಷ್ಟ್ರು ಬಂದು ಕಣ್ಣು ಮುಚ್ಚಿಕೊಂಡು ಒಂದೊಂದು ಬೆಂಚಿನ ಮೇಲೂ ಅಂಗೈ ಆಡಿಸುತ್ತಿದ್ದರು. ಕೈಗೆ ಏನೂ ತಾಗದಿದ್ದರೆ "ಪಾಸ್" ಅನ್ನುತ್ತಿದ್ದರು. ತಾಗಿದರೆ ಮತ್ತೆ ಉಜ್ಜಬೇಕು. ಬೋರ್ಡ್ ಪರೀಕ್ಷೆಗಿಂತ ಈ ಅಂಗೈಗೇ ಮಕ್ಕಳು ಹೆಚ್ಚು ಹೆದರುತ್ತಿದ್ದರು ಅಂದರೆ ಸುಳ್ಳಲ್ಲ.

ಮೇಷ್ಟ್ರಿಗೆ ಮಕ್ಕಳಿಟ್ಟ ಹೆಸರೂ ಉಪ್ಪುಕಾಗದವೇ. ಮಾತು ಹಾಗೇ ಇತ್ತು, ಒರಟೊರಟು. "ಒಂದು ಗೆರೆ ಉಳಿದ್ರೂ ಅದು ನಿಮ್ಮ ಬ್ಯಾಚಿಗೇ ಅವಮಾನ. ನನಗೆ ಯಾರ ಮುಲಾಜೂ ಇಲ್ಲ" ಅನ್ನುವುದನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಅವರು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನವರು ತುಟಿ ಅಲ್ಲಾಡಿಸಿ ಮುಗಿಸಿಬಿಡುತ್ತಿದ್ದರು.

ಇಷ್ಟೆಲ್ಲ ಹೇಳುವ ಮನುಷ್ಯ ಉಜ್ಜದ ಒಂದು ಬೆಂಚನ್ನು ತಮ್ಮ ಕೋಣೆಯ ಹಿಂದಿನ ಉಗ್ರಾಣದಲ್ಲಿ ಮುಚ್ಚಿಟ್ಟುಕೊಂಡಿದ್ದರು.

ಅದು ಅವರ ಮಗಳು ಕೂರುತ್ತಿದ್ದ ಬೆಂಚು. ಒಬ್ಬಳೇ ಮಗಳು, ಬಾಯಿ ಸ್ವಲ್ಪ ಜೋರು. ಶಾಲೆಯೊಳಗೆ ಅಪ್ಪ ಅನ್ನಕೂಡದು, ಎಲ್ಲರಂತೆ ಸರ್ ಅನ್ನಬೇಕು ಅಂತ ಮೇಷ್ಟ್ರು ಕಟ್ಟಪ್ಪಣೆ ಮಾಡಿದ್ದರು. ಅವಳು ಬಾಯಲ್ಲಿ ಅನ್ನಲಿಲ್ಲ, ಬೆಂಚಿನ ಮೇಲೆ ಕೆತ್ತಿದಳು. ಮೊರದಗಲದ ಕಿವಿ, ಕಂಕುಳಲ್ಲಿ ಛತ್ರಿ, ಕೆಳಗೆ ದಪ್ಪ ಅಕ್ಷರಗಳಲ್ಲಿ "ಅಪ್ಪ". ಮೇಷ್ಟ್ರು ನೋಡಿದಾಗ ತರಗತಿಗೆ ತರಗತಿಯೇ ಉಸಿರು ಬಿಗಿಹಿಡಿದು ಕೂತಿತ್ತು.

"ಕೊನೇ ದಿನ ಇದನ್ನ ನೀನೇ ಉಜ್ಜಬೇಕು. ನಾನೇ ನಿಂತು ನೋಡ್ತೀನಿ" ಅಂದರು.

"ಆಗ್ಲಿ ಸರ್" ಅಂದಳು, ಆ ಸರ್ ಅನ್ನು ಬೇಕಂತಲೇ ಊರುದ್ದ ಎಳೆದು.

ಆ ಸಂಜೆ ಮನೆಯಲ್ಲಿ ಮೇಷ್ಟ್ರು ಹೆಂಡತಿಗೆ ಇದನ್ನು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಆದರೆ ಪರೀಕ್ಷೆಗೆ ಮುಂಚೆ ಬಂದ ಜ್ವರ ಹುಡುಗಿಯನ್ನು ಆ ಕೊನೆಯ ದಿನದವರೆಗೂ ಉಳಿಸಲಿಲ್ಲ. ಆ ವರ್ಷ ಉಜ್ಜುವ ದಿನ ಅವಳ ಬೆಂಚನ್ನು ಯಾರೂ ಮುಟ್ಟಲಿಲ್ಲ. ಮೇಷ್ಟ್ರು ಅದನ್ನು ಎಳೆದುಕೊಂಡು ಹೋಗಿ ಉಗ್ರಾಣದಲ್ಲಿಟ್ಟು ಗೋಣಿಚೀಲ ಹೊದಿಸಿ ಬೀಗ ಹಾಕಿದರು. ಯಾಕೆ ಅಂತ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಗೊತ್ತಿದ್ದ ಮಕ್ಕಳು ಓದು ಮುಗಿಸಿ ಹೋದರು, ಗೊತ್ತಿದ್ದ ಮೇಷ್ಟ್ರುಗಳು ವರ್ಗವಾಗಿ ಹೋದರು.

ಗೊತ್ತಿದ್ದು ಉಳಿದವರೆಂದರೆ ಹೆಂಡತಿ. ಆಕೆ ಆ ಚಿತ್ರವನ್ನು ನೋಡಿಯೇ ಇರಲಿಲ್ಲ. ವರ್ಷಕ್ಕೊಮ್ಮೆ, ಉಜ್ಜುವ ದಿನದ ಸಂಜೆ, "ಯಾವಾಗ ತರ್ತೀರಿ?" ಅಂತ ಕೇಳುತ್ತಿದ್ದರು.

"ರಿಟೈರ್ ಆಗ್ಲಿ, ತರ್ತೀನಿ. ಊರಿನ ಮಕ್ಕಳಿಗೆಲ್ಲ ಉಜ್ಜಿ ಅನ್ನೋನು, ನನ್ನ ಮಗಳದ್ದು ಮಾತ್ರ ಇರ್ಲಿ ಅಂತ ಯಾವ ಬಾಯಲ್ಲಿ ಕೇಳ್ಲಿ?"

"ಅಲ್ಲಿಗೇ ಬಂದು ಒಂದ್ಸಲ ನೋಡ್ಕೊಂಡು ಹೋಗ್ತೀನಿ."

"ಬೇಡ. ನೀನು ಅಲ್ಲಿ ಬಂದು ಅತ್ರೆ ನಾನು ಮಾರನೇ ದಿನ ಪಾಠ ಮಾಡೋಕಾಗಲ್ಲ."

ಹಟಮಾರಿತನ ಅನ್ನಿ, ಮರ್ಯಾದೆ ಅನ್ನಿ, ಅದು ಹಾಗೇ ನಡೆಯಿತು. ಆಕೆಯ ತಲೆ ನರೆಯಿತು. ಮೇಷ್ಟ್ರು ಮಾತ್ರ ಪಾಠ ಮುಗಿದ ಮೇಲೆ ಒಮ್ಮೊಮ್ಮೆ ಉಗ್ರಾಣಕ್ಕೆ ಹೋಗಿ, ಗೋಣಿಚೀಲ ಸರಿಸಿ, ಆ ಅಕ್ಷರಗಳ ತಗ್ಗಿನಲ್ಲಿ ಬೆರಳಾಡಿಸಿ ಬರುತ್ತಿದ್ದರು. ಅಷ್ಟರ ಮಟ್ಟಿಗೆ ಅವರು ಹೆಂಡತಿಗಿಂತ ಪುಣ್ಯವಂತರು.

ಅಂತೂ ಅವರ ಕೊನೆಯ ವರ್ಷ ಬಂತು. ಶಾಲೆಗೆ ಕಬ್ಬಿಣದ ಬೆಂಚುಗಳು ಬರುವುದೆಂದು ತೀರ್ಮಾನವಾಗಿತ್ತು, ಹಾಗಾಗಿ ಉಜ್ಜುವ ದಿನವೂ ಅದೇ ಕೊನೆ. ಹೆಡ್‌ಮಿಸ್ಟ್ರೆಸ್ಸು ಬೇರೆ ಊರಿಂದ ಹೊಸದಾಗಿ ಬಂದವರು. ಹಳೆಯ ಬೆಂಚೊಂದನ್ನು ಒಯ್ಯಲೇ ಅಂತ ಮೇಷ್ಟ್ರು ತೊದಲುತ್ತ ಕೇಳಿದಾಗ, "ಅಯ್ಯೋ, ಧಾರಾಳವಾಗಿ ತಗೊಂಡು ಹೋಗಿ ಸರ್" ಅಂದುಬಿಟ್ಟರು. ಇಷ್ಟು ಸುಲಭದ ಮಾತಿಗೆ ಇಷ್ಟು ವರ್ಷ ಕಾದೆನಲ್ಲ ಅಂತ ಮೇಷ್ಟ್ರಿಗೆ ನಾಚಿಕೆಯಾಯಿತು. ಉಜ್ಜುವ ದಿನದ ಬೆಳಿಗ್ಗೆ ಹೆಂಡತಿ ಕಿಟಕಿಯ ಪಕ್ಕದ ಮೇಜನ್ನು ಅಡುಗೆಮನೆಗೆ ತಳ್ಳಿ, ಗೋಡೆ ಒರೆಸಿ, ಜಾಗ ಮಾಡಿಟ್ಟಿದ್ದರು.

ಶಾಲೆಯಲ್ಲಿ ಉಜ್ಜುವ ಕೆಲಸ ಭರದಿಂದ ನಡೆದಿತ್ತು. ಹೆಡ್‌ಮಿಸ್ಟ್ರೆಸ್ಸಿನ ಕೋಣೆಯಲ್ಲಿ ಮೇಷ್ಟ್ರಿಗೆ ಚಹಾ, ಭಾಷಣ. ಅಲ್ಲಿಗೆ ಹೊರಡುವಾಗ ತರಗತಿಯ ಲೀಡರ್ ಹುಡುಗಿ ಓಡಿಬಂದು, "ಸರ್, ಉಪ್ಪುಕಾಗದ ಖಾಲಿ ಆಯ್ತು" ಅಂದಳು. ಮೇಷ್ಟ್ರ ಮನಸ್ಸು ಆಗಲೇ ಮನೆಯ ಕಿಟಕಿಯ ಪಕ್ಕದಲ್ಲಿತ್ತು. ಯಾರ ಕೈಗೂ ಕೊಡದ ಉಗ್ರಾಣದ ಬೀಗದ ಕೈಯನ್ನು ಜೇಬಿನಿಂದ ತೆಗೆದು ಕೊಟ್ಟುಬಿಟ್ಟರು.

ಭಾಷಣಗಳು ಉದ್ದವಾದವು. ಅವರು ಅಂಗಳಕ್ಕೆ ಬಂದಾಗ ಮಕ್ಕಳೆಲ್ಲ ಅರ್ಧಚಂದ್ರದ ಹಾಗೆ ನಿಂತಿದ್ದರು. ನಡುವೆ ಒಂದೇ ಒಂದು ಬೆಂಚು, ಎಣ್ಣೆ ಸವರಿಸಿಕೊಂಡು ಮಿರಮಿರ ಮಿಂಚುತ್ತಿತ್ತು.

"ಸರ್, ಯಾವ್ದೋ ಹಳೇ ಬ್ಯಾಚಿನೋರು ಇದನ್ನ ಹಾಗೇ ಬಿಟ್ಟು ಹೋಗಿದ್ರು" ಅಂದಳು ಲೀಡರ್. "ನಿಮ್ದೇ ಚಿತ್ರ ಬರ್ದು, ಕೆಳಗೆ ಅಪ್ಪ ಅಂತ ಹಾಕಿ ತಮಾಷೆ ಬೇರೆ ಮಾಡಿದ್ರು ಸರ್. ಅವಮಾನ ಅಂತ ನೀವು ಮುಚ್ಚಿಟ್ಟಿದ್ರಿ ಅಲ್ವಾ? ಒಂದೂ ಬೆಂಚು ಬಾಕಿ ಉಳೀದೇ ನೀವು ರಿಟೈರ್ ಆಗ್ಬೇಕು ಅಂತ ನಾವೆಲ್ಲ ಸೇರಿ ಉಜ್ಜಿದ್ವಿ. ಇದೇ ನಮ್ಮ ಗಿಫ್ಟು."

ಮೇಷ್ಟ್ರು ಬೆಂಚನ್ನು ಹಿಡಿದುಕೊಂಡು ನಿಂತರು. ಮಕ್ಕಳು ಅವರ ಅಂಗೈಗಾಗಿ ಕಾದರು. ಅವರು ಕಣ್ಣು ಮುಚ್ಚಿ ಕೈಯಾಡಿಸಿದರು. ಎಡಗಡೆಯ ತುದಿ, ಅವಳು ಕೂರುತ್ತಿದ್ದ ಜಾಗ, ಚಿತ್ರ ಇದ್ದದ್ದು ಅಲ್ಲೇ. ಒಂದು ಗೆರೆಯಾದರೂ ಉಳಿದಿರಲಿ, ಒಂದು ಒತ್ತಕ್ಷರವಾದರೂ ಕೈಗೆ ಸಿಗಲಿ ಅಂತ ಮತ್ತೆ ಮತ್ತೆ ತಡವಿದರು. ತಾವು ಕಲಿಸಿದ ಹಾಗೆಯೇ ಮಾಡಿದ್ದರು ಮಕ್ಕಳು. ಮೊದಲು ಒರಟು ಕಾಗದ, ಆಮೇಲೆ ನಯದ್ದು, ಮರದ ಎಳೆ ಹೋದ ದಿಕ್ಕಿಗೇ. ಯಾರ ಮುಲಾಜೂ ಇಟ್ಟುಕೊಂಡಿರಲಿಲ್ಲ.

ಅವರಿಗೆ ಕಿರುಚಬೇಕು ಅನ್ನಿಸಿತು. ಕಣ್ಣು ತೆರೆದರೆ ಎದುರಿಗೆ ಆ ಹುಡುಗಿ, ಮೂಗಿನ ಮೇಲೆ ಮರದ ಪುಡಿ, ಉಸಿರು ಬಿಗಿಹಿಡಿದು ನಿಂತಿದ್ದಳು. ಅವಳಿಗೂ ಅದೇ ವಯಸ್ಸು.

"ಪಾಸ್" ಅಂದರು ಮೇಷ್ಟ್ರು. ಮಕ್ಕಳು ಹೋ ಅಂತ ಕೂಗಿದರು.

ಸಂಜೆ ಗೂಡ್ಸ್ ಆಟೋದವನು ಬೆಂಚನ್ನು ಮನೆಯೊಳಗಿಟ್ಟು ಹೋದ. ಹೆಂಡತಿ ಕನ್ನಡಕ ಏರಿಸಿಕೊಂಡು ಈ ತುದಿಯಿಂದ ಆ ತುದಿಗೆ ಹುಡುಕಿದರು. ಬಗ್ಗಿ ಹುಡುಕಿದರು, ಲೈಟು ಹಾಕಿ ಹುಡುಕಿದರು.

"ಎಲ್ರೀ?"

ಮೇಷ್ಟ್ರು ಎಡಗಡೆಯ ತುದಿಯಲ್ಲಿ ಬೆರಳಿಟ್ಟರು. "ಇಲ್ಲಿತ್ತು. ಮಕ್ಕಳು ಉಜ್ಜಿಬಿಟ್ರು. ಗೊತ್ತಿಲ್ದೆ, ಪ್ರೀತಿಗೆ ಅಂತ."

"ಬೈದ್ರಾ?"

"ಇಲ್ಲ. ಪಾಸ್ ಅಂದೆ."

ಆಕೆಯೂ ಆ ಜಾಗದ ಮೇಲೆ ಬೆರಳಾಡಿಸಿದರು. ಅಳುತ್ತಾರೆ ಅಂದುಕೊಂಡಿದ್ದರು ಮೇಷ್ಟ್ರು. ಅಳಲಿಲ್ಲ.

"ಅಂತೂ ಕೊನೇ ದಿನ ಉಜ್ಜಿಸೇಬಿಟ್ರಲ್ಲ" ಅಂದರು. "ಅವಳಿಗೆ ಹೇಳಿದ್ದ ಹಾಗೇ ನಿಂತು ನೋಡಿದ್ರಿ ಬೇರೆ."

ಆಮೇಲೆ ಅಡುಗೆಮನೆಗೆ ಹೋಗಿ, ಬೆಳಿಗ್ಗೆ ಅಲ್ಲಿಗೆ ತಳ್ಳಿದ್ದ ಮೇಜನ್ನು ಒಬ್ಬರೇ ಎಳೆದು ತರತೊಡಗಿದರು. ಮೇಷ್ಟ್ರು ಬೆಂಚನ್ನು ಕಿಟಕಿಯ ಪಕ್ಕದಿಂದ ಸರಿಸಿ ಜಾಗ ಮಾಡಿಕೊಟ್ಟರು.