ಮರಳು ತುಂಬಿದ ಮೆತ್ತೆ

ಹೆದರಿಕೆ ಅನ್ನೋದು ಕೆಲವರಿಗೆ ಬರುತ್ತೆ, ಹೋಗುತ್ತೆ. ಜೋಪಾನಪ್ಪನಿಗೆ ಬಂದದ್ದು ಹೋಗಲೇ ಇಲ್ಲ, ನಾಲ್ಕು ದಿನಕ್ಕೆ ಅಂತ ಬಂದ ದೂರದ ನೆಂಟನ ಹಾಗೆ ಠಿಕಾಣಿ ಹೂಡಿಬಿಟ್ಟಿತ್ತು. ಬೀದಿಯ ಕೊನೆಯಲ್ಲಿ ಅವನದೊಂದು ಕಟಿಂಗ್ ಅಂಗಡಿ. ಗಿರಾಕಿ ಕುರ್ಚಿಯಲ್ಲಿ ಕೂತರೆ "ಜೋಪಾನ, ಅಲ್ಲಾಡಬೇಡಿ", ಎದ್ದರೆ "ಜೋಪಾನ, ಮೆಟ್ಟಿಲಿದೆ". ಅದಕ್ಕೇ ಆ ಹೆಸರು ಬಿತ್ತು. ಹೆತ್ತವರಿಟ್ಟ ಹೆಸರು ಅವನಿಗೇ ಮರೆತುಹೋಗಿತ್ತೋ ಏನೋ.

ಅಂಥವನಿಗೆ ಗಂಟುಬಿದ್ದ ಹೆಂಡತಿಯೋ, ಹೆದರಿಕೆ ಯಾವ ಅಂಗಡಿಯಲ್ಲಿ ಸಿಗುತ್ತೆ ಅಂತ ಕೇಳೋ ಪೈಕಿ. ಆಳು ಕಡ್ಡಿ, ಗಾಳಿ ಜೋರಾದರೆ ಹಾರಿಹೋದಾಳು. ಮನೆ ಹಿಂದಿನ ಇಳಿಜಾರಿನಲ್ಲಿ ಸಸಿ ಬೆಳೆಸಿ ಮಾರುತ್ತಿದ್ದಳು. ಗುಲಾಬಿಗೆ ಕಸಿ ಕಟ್ಟಿದರೆ ಅವಳೇ ಕಟ್ಟಬೇಕು, ಆ ಬೆರಳು ತಾಗಿದ್ದು ಚಿಗುರದೆ ಇದ್ದದ್ದಿಲ್ಲ. ಕಿವಿ ಮಾತ್ರ ಮಂದ. ಕಿವಿಯ ಮಿಷನ್ ಹಾಕಿಕೊಂಡರೆ ಎಲ್ಲಾ ಕೇಳುತ್ತಿತ್ತು, ತೆಗೆದರೆ ಪಕ್ಕದಲ್ಲಿ ಗೋಡೆ ಬಿದ್ದರೂ ತಿರುಗುತ್ತಿರಲಿಲ್ಲ.

ಇಳಿಜಾರಿನ ಹುಲ್ಲು ಕೊಯ್ದು ಕೊಯ್ದು ಹೆಗಲು ಹಿಡಿದುಕೊಂಡ ಮೇಲೆ ಅವಳು ಒಂದು ಹಳೇ ತೋಟದ ಟ್ರ್ಯಾಕ್ಟರ್ ಹುಡುಕಿದಳು. ದೊಡ್ಡದೇನಲ್ಲ, ಮೇಲೆ ಕೂತು ಓಡಿಸಿದರೆ ಹೊಟ್ಟೆಯಡಿಯ ಬ್ಲೇಡು ಹುಲ್ಲು ಕತ್ತರಿಸಿ ಪಕ್ಕದ ಬಾಯಿಂದ ಉಗಿಯುವಂಥದ್ದು. ಒಬ್ಬ ಮುದಿ ಬಡಗಿಯ ಶೆಡ್ಡಿನಲ್ಲಿ ಬಣ್ಣ ಕಳೆದುಕೊಂಡು ನಿಂತಿತ್ತು.

ಬಡಗಿ ಸೀಟನ್ನು ಎಡಗೈಯಲ್ಲಿ ತಟ್ಟಿದ. "ಇದರ ಕೆಳಗೆ ಒಂದು ಸ್ವಿಚ್ಚಿದೆ. ಮೇಲೆ ಜನ ಕೂತು ಭಾರ ಬಿದ್ರೆ ಮಾತ್ರ ಎಂಜಿನ್ ಓಡುತ್ತೆ. ಎದ್ರೆ ಟಪ್ ಅಂತ ನಿಲ್ಲುತ್ತೆ. ಕಿರಿಕಿರಿ ಅಂತ ನಾನು ಒಂದ್ಸಲ ಅದರ ವೈರು ಸೇರಿಸಿ ಸ್ವಿಚ್ಚನ್ನೇ ಸಾಯಿಸಿಬಿಟ್ಟಿದ್ದೆ." ಆಮೇಲೆ ಜೇಬಿನಿಂದ ಬಲಗೈ ತೆಗೆದ. ಅದರಲ್ಲಿ ನಡುವಿನ ಎರಡು ಬೆರಳು ಇರಲಿಲ್ಲ. "ಓಡ್ತಿರೋವಾಗ್ಲೇ ಹುಲ್ಲು ತೆಗೆಯೋಕೆ ಕೈ ಹಾಕಿದ್ದೆ. ಈಗ ಸ್ವಿಚ್ ಸರಿ ಮಾಡ್ಸಿದೀನಿ. ನೀವು ಮುಟ್ಟೋಕೆ ಹೋಗ್ಬೇಡಿ."

ಜೋಪಾನಪ್ಪನ ಬೆರಳುಗಳು ತಾವಾಗೇ ಮುಷ್ಟಿಯೊಳಗೆ ಸೇರಿಕೊಂಡವು. "ಬೇಡ ಕಣೇ, ನಿನ್ನ ದಮ್ಮಯ್ಯ" ಅಂದ. ಅವಳು ಅಷ್ಟರಲ್ಲಿ ಸೀಟು ಹತ್ತಿ ಕೂತಿದ್ದಳು. ಬಡಗಿ ತನ್ನ ಹಳೇ ಚರ್ಮದ ಗವಸು ಕೂಡ ಪುಕ್ಕಟೆ ಕೊಟ್ಟ. ಅವಳ ಪುಟ್ಟ ಕೈಗೆ ಅದು ಗೋಣಿಚೀಲ.

ಆಮೇಲೆ ಮನೆಯಲ್ಲಿ ಒಂದೇ ಮಾತು, ಒಂದೇ ವಾಸನೆ, ಪೆಟ್ರೋಲು. ಅವಳು ಕಾರ್ಬ್ಯುರೇಟರ್ ಬಿಚ್ಚಿ ಅಡುಗೆಮನೆ ಮೇಜಿನ ಮೇಲೆ ತೊಳೆದಳು. ಬೆಲ್ಟ್ ಬದಲಾಯಿಸಿದಳು. ಬ್ಲೇಡನ್ನು ಮಾತ್ರ ಗಂಡನ ಮುಂದಿಟ್ಟು, "ಸಾಣೆ ಹಿಡಿಯೋದರಲ್ಲಿ ನಿನ್ನ ಬಿಟ್ರೆ ಇಲ್ಲ" ಅಂತ ಹೊಗಳಿ ಅಟ್ಟಕ್ಕೇರಿಸಿದಳು. ಹೊಗಳಿಕೆಗೆ ಯಾರು ತಾನೇ ಕರಗಲ್ಲ? ಗಡ್ಡ ಕೆರೆಯೋ ಹಾಗೆ ಹರಿತ ಮಾಡಿಕೊಟ್ಟ. ಕೊಟ್ಟ ಮೇಲೆ ನಿದ್ದೆಗೆಟ್ಟ.

ಗಾಡಿ ಓಡಿತು, ಆದರೆ ಬಿಕ್ಕಳಿಸಿಕೊಂಡು ಓಡಿತು. ಅವಳ ಮೈಯಲ್ಲಿ ಭಾರ ಇದ್ದರೆ ತಾನೇ! ಸಣ್ಣ ಹಳ್ಳ ಸಿಕ್ಕಿ ಅವಳು ಒಂದಿಷ್ಟು ಪುಟಿದರೆ ಸ್ವಿಚ್ಚು "ಯಾರೂ ಇಲ್ಲ" ಅಂದುಕೊಂಡು ಎಂಜಿನ್ ನಿಲ್ಲಿಸಿಬಿಡುತ್ತಿತ್ತು. ಮತ್ತೆ ಸ್ಟಾರ್ಟ್ ಮಾಡು, ಮತ್ತೆ ಪುಟಿ, ಮತ್ತೆ ನಿಲ್ಲು. ಒಂದೇ ಲಾಭ ಅಂದರೆ ಅವಳು ಎಂಜಿನ್ ಆರಿಸೋಕೆ ಕೀಲಿ ತಿರುಗಿಸೋದನ್ನೇ ಬಿಟ್ಟಳು. ಗಾಡಿಯ ಬಾಯಿಗೆ ಹುಲ್ಲು ಸಿಕ್ಕಿಕೊಂಡರೆ ಎದ್ದು ಇಳಿಯೋದು, ಎಂಜಿನ್ ತಾನೇ ನಿಲ್ಲೋದು, ಕೈ ಹಾಕಿ ಹುಲ್ಲು ಕೀಳೋದು. ಅದೇ ರೂಢಿಯಾಯಿತು.

"ಇನ್ನು ನನ್ನ ಕೈಲಾಗಲ್ಲ. ನಾಳೆ ವೈರು ಸೇರಿಸ್ತೀನಿ" ಅಂದಳು ಒಂದು ದಿನ, ಸ್ಪ್ಯಾನರ್ ಎಸೆದು.

ಜೋಪಾನಪ್ಪನ ಕಣ್ಣಮುಂದೆ ಬಡಗಿಯ ಕೈ ಬಂತು. ಆಮೇಲೆ ಅದೇ ಕೈ ಹೆಂಡತಿಯ ತೋಳಿಗೆ ಅಂಟಿಕೊಂಡ ಹಾಗೆ ಕಂಡಿತು. "ವೈರು ಮುಟ್ಟಿದ್ರೆ ನನ್ನಾಣೆ. ಒಂದು ದಿನ ಕೊಡು, ನಾನು ಸರಿ ಮಾಡ್ತೀನಿ" ಅಂದುಬಿಟ್ಟ. ಸ್ಕ್ರೂ ತಿರುಗಿಸೋಕೂ ಹೆದರುವ ಆಸಾಮಿ ಏನು ಸರಿ ಮಾಡ್ತಾನೋ ಅಂತ ಅವಳು ಬಿದ್ದು ಬಿದ್ದು ನಕ್ಕಳು.

ಅವನು ಮಾಡಿದ! ಅಂಗಡಿಯ ಹಳೇ ಕುರ್ಚಿಯ ರೆಕ್ಸಿನ್ ಹರಿದು ಮೆತ್ತೆ ಹೊಲಿದ, ಒಳಗೆ ಒತ್ತಿ ಒತ್ತಿ ಮರಳು ತುಂಬಿದ, ಸೀಟಿನ ಮೇಲಿಟ್ಟು ಬೆಲ್ಟಿನಿಂದ ಬಿಗಿದ. ಅವಳ ಭಾರಕ್ಕೆ ಮರಳಿನ ಭಾರ ಸೇರಿದರೆ ಸ್ವಿಚ್ಚು ಕೂತಲ್ಲೇ ಕೂತಿರುತ್ತೆ. ವೈರು ಮುಟ್ಟಲಿಲ್ಲ, ಸ್ವಿಚ್ಚು ಮುಟ್ಟಲಿಲ್ಲ. ಹೆಂಡತಿ ಇಳಿಜಾರಿನಲ್ಲಿ ಎರಡು ಸುತ್ತು ಹೊಡೆದಳು, ಒಮ್ಮೆಯೂ ನಿಲ್ಲಲಿಲ್ಲ. ಮೂರನೇ ಸುತ್ತಿಗೆ ಪೆಟ್ರೋಲು ಮುಗಿದು ಗಾಡಿ ನಿಂತಾಗ ಅವಳು ಹಾರಿ ಬಂದು ಅವನ ಕೆನ್ನೆ ಹಿಂಡಿದಳು. "ಅಬ್ಬಾ, ನನ್ನ ಗಂಡನಿಗೂ ಬುದ್ಧಿ ಇದೆ!" ಅವತ್ತು ರಾತ್ರಿ ಜೋಪಾನಪ್ಪ ನೆಮ್ಮದಿಯಾಗಿ ಮಲಗಿದ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಬೇಕರಿಯವನಿಗೆ ಗಡ್ಡ ತೆಗೆಯುತ್ತಿದ್ದ. ಏರಿನ ಮೇಲಿದ್ದ ಮನೆ ಕಡೆಯಿಂದ ಟ್ರ್ಯಾಕ್ಟರಿನ ಗುರುಗುರು ಸಣ್ಣಗೆ ಕೇಳುತ್ತಿತ್ತು. ಅವಳು ಕಿವಿಯ ಮಿಷನ್ ತೆಗೆದು ಜೇಬಿಗೆ ಹಾಕಿಕೊಂಡಿರುತ್ತಾಳೆ, ಎಂಜಿನ್ ಸದ್ದಿಗೆ ಅದು ಕೀ ಅಂತ ಕಿರುಚುತ್ತೆ. ಬೇಕರಿಯವನು ಕೊಳೆತ ಹಲ್ಲೊಂದರ ಕತೆ ಹೇಳುತ್ತಾ ಅರ್ಧ ಗಡ್ಡದಲ್ಲೇ ಉಗುಳೋಕೆ ಎದ್ದ. ಆ ದಪ್ಪ ದೇಹ ಎದ್ದ ಕೂಡಲೇ ಕುರ್ಚಿಯ ಮೆತ್ತೆ ಉಸ್ ಅಂತ ಉಬ್ಬಿ ಮೇಲೆ ಬಂತು.

ಜೋಪಾನಪ್ಪ ಅದನ್ನೇ ನೋಡಿದ. ಜನ ಎದ್ದರೆ ಸೀಟು ಏಳುತ್ತೆ.

ಮರಳು ಏಳುತ್ತಾ?

ಅಯ್ಯೋ ದೇವರೇ! ಅವಳು ಇಳಿದರೂ ಮರಳು ಇಳಿಯಲ್ಲ. ಬರೀ ಮರಳಿನ ಭಾರಕ್ಕೇ ಎಂಜಿನ್ ಓಡ್ತಾನೇ ಇರುತ್ತೆ, ಕೆಳಗೆ ಬ್ಲೇಡು ತಿರುಗ್ತಾನೇ ಇರುತ್ತೆ. ಅವಳಿಗೆ ಸದ್ದು ಕೇಳಲ್ಲ. ಅವಳು ಕೀಲಿ ಮುಟ್ಟಲ್ಲ. ಗಾಡಿ ಮೇಲೆ ಕೂತು ಅದುರಿದ ಮೈ ಇಳಿದ ಮೇಲೂ ಅದುರುತ್ತಲೇ ಇರುತ್ತೆ, ಅದರಿಂದಲೂ ಗೊತ್ತಾಗಲ್ಲ. ಇಳಿದ ಕೂಡಲೇ ಕೈ ಹಾಕ್ತಾಳೆ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿಟ್ಟಿದ್ದ ನಮ್ಮ ಜಾಣ. ಬಡಗಿ ವೈರಿನಿಂದ ಮಾಡಿದ್ದನ್ನೇ ಇವನು ಮರಳಿನಿಂದ ಮಾಡಿದ್ದ. ಆ ಬ್ಲೇಡಿಗೆ ಸಾಣೆ ಹಿಡಿದವನೂ ಇವನೇ.

ಕತ್ತಿ ಕೈಯಿಂದ ಜಾರಿತು. "ಏನಾಯ್ತೋ?" ಅಂತ ಬೇಕರಿಯವನು ಕೂಗುವಷ್ಟರಲ್ಲಿ ಇವನು ಬೀದಿಯಲ್ಲಿದ್ದ.

ಎದ್ದೆನೋ ಬಿದ್ದೆನೋ ಅಂತ ಓಡಿದ. ಏರು ಬೀದಿ, ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಗುರುಗುರು ಕೇಳುತ್ತಲೇ ಇತ್ತು. ಹಿಂದೆಲ್ಲಾ ಆ ಸದ್ದು ನಿಂತರೆ ಅವಳು ಇಳಿದಳು ಅಂತ ಗೊತ್ತಾಗುತ್ತಿತ್ತು. ಈಗ ಸದ್ದಿಗೆ ಅರ್ಥವೇ ಇಲ್ಲ. ಕೂತಿದ್ದಾಳೋ? ಇಳಿದಳೋ? ಕೈ ಹಾಕಿದಳೋ? ಯಾಕಾದರೂ ಬಾಯಿ ಹಾಕಿದೆನೋ, ಯಾಕಾದರೂ ಸೂಜಿ ಹಿಡಿದೆನೋ ಅಂತ ಓಡುತ್ತಲೇ ತನ್ನ ತಲೆಗೆ ತಾನೇ ಹೊಡೆದುಕೊಂಡ.

ಮನೆಯ ಮೂಲೆ ತಿರುಗಿದ. ಇಳಿಜಾರಿನ ನಡುವೆ ಟ್ರ್ಯಾಕ್ಟರ್ ಹೊಗೆ ಬಿಡುತ್ತಾ ನಿಂತಿತ್ತು. ಸೀಟಿನ ಮೇಲೆ ಮೆತ್ತೆ ಮಾತ್ರ. ಅವಳು ಈ ಕಡೆಗೆ ಬೆನ್ನು ಮಾಡಿ ಮೊಣಕಾಲೂರಿ ಕೂತು, ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದಳು.

"ಬೇಡಾ! ಬೇಡ್ವೇ!" ಕಿರುಚಿದ. ಯಾರಿಗೆ ಕೇಳಬೇಕು? ಅವಳು ಬಗ್ಗಿ ಹುಲ್ಲು ತುಂಬಿದ ಬಾಯಿಯ ಕಡೆಗೆ ಗವಸಿನ ಕೈ ಚಾಚಿದಳು.

ಜೋಪಾನಪ್ಪನದು ಜನ್ಮವಿಡೀ ಕೂದಲು ಹಿಡಿದೇ ಬದುಕಿದ ಕೈ. ಮೊದಲು ಸಿಕ್ಕಿದ್ದು ಅವಳ ಜಡೆ. ಹಿಡಿದು ಇದ್ದಬದ್ದ ಶಕ್ತಿ ಹಾಕಿ ಹಿಂದಕ್ಕೆ ಎಳೆದ. ಇಬ್ಬರೂ ಹುಲ್ಲಿನ ಮೇಲೆ ಅಂಗಾತ ಬಿದ್ದರು.

"ಹುಚ್ಚು ಹಿಡೀತಾ ನಿಂಗೆ? ಹಾಡುಹಗಲಲ್ಲೇ ಹೆಂಡ್ತಿ ಜಡೆ ಎಳೀತೀಯಾ?" ಅವಳು ರೇಗಿ ಎದ್ದು ಕೂತಳು. ಮುಖದ ಮೇಲೆ ಬಿದ್ದ ಕೂದಲು ಸರಿಸೋಕೆ ಎತ್ತಿದ ಕೈ ಅಲ್ಲೇ ನಿಂತಿತು.

ಬೆಳಿಗ್ಗೆ ಇಡಿಯಾಗಿದ್ದ ಗವಸಿನ ನಡುಬೆರಳಿಗೆ ಈಗ ತುದಿಯೇ ಇರಲಿಲ್ಲ. ಚರ್ಮ ಓರೆಯಾಗಿ, ನುಣ್ಣಗೆ ಕತ್ತರಿಸಿಹೋಗಿತ್ತು. ಆ ತೂತಿನೊಳಗೆ, ಒಂದಿಷ್ಟು ಹಿಂದೆ, ಅವಳ ಸ್ವಂತ ಬೆರಳಿನ ಉಗುರು ಕಾಣುತ್ತಿತ್ತು. ಗವಸು ಅವಳ ಅಳತೆಯದ್ದಾಗಿದ್ದರೆ?

ಅವಳು ತಲೆಯೆತ್ತಿ ಟ್ರ್ಯಾಕ್ಟರ್ ನೋಡಿದಳು. ಸ್ಟಿಯರಿಂಗ್ ಗಡಗಡ ಅದುರುತ್ತಿತ್ತು. ಹೊಗೆ ಬರುತ್ತಿತ್ತು. ಸೀಟಿನ ಮೇಲೆ ಗಂಡ ಹೊಲಿದ ಮೆತ್ತೆ ಒಡೆಯನ ಹಾಗೆ ಕೂತಿತ್ತು. ಅವಳ ಮುಖದ ಬಣ್ಣ ಇಳಿದುಹೋಯಿತು. ಮದುವೆಯಾದ ಲಾಗಾಯ್ತು ಅವಳು ಹೆದರಿದ್ದನ್ನು ಜೋಪಾನಪ್ಪ ನೋಡಿದ್ದು ಅದೇ ಮೊದಲು, ನೋಡಲಾರದೆ ಹೋದ.

ಎದ್ದ. ಓಡುತ್ತಿರುವಾಗ ಯಾವತ್ತೂ ಮುಟ್ಟದ ಆ ಗಾಡಿಯ ಹತ್ತಿರ ಹೋಗಿ, ಬೆಲ್ಟ್ ಬಿಚ್ಚಿ, ಮರಳಿನ ಮೆತ್ತೆಯನ್ನು ಎರಡೂ ಕೈಯಲ್ಲಿ ಎತ್ತಿದ. ಸೀಟು ಮೇಲೆ ಬಂತು. ಎಂಜಿನ್ ಟಪ್ ಅಂತ ನಿಂತಿತು.

ಮೆತ್ತೆಯನ್ನು ಎದೆಗವಚಿಕೊಂಡೇ ಅವಳ ಪಕ್ಕ ಕುಸಿದ. "ನಂದೇ ತಪ್ಪು ಕಣೇ... ನಿನ್ನ ಕೈ ಉಳಿಸೋಕೆ ಅಂತಾನೇ ಹೊಲಿದೆ... ನಾನೇ..." ಅಳು ಬಂತು.

ಅವನ ತುಟಿ ಅಲ್ಲಾಡಿದ್ದಷ್ಟೇ ಅವಳಿಗೆ ಗೊತ್ತಾದದ್ದು. ಗವಸು ಕಿತ್ತೆಸೆದಳು. ಬರಿಗೈಯಲ್ಲಿ, ಐದೂ ಬೆರಳಿಂದ, ಅವನ ಕೆನ್ನೆ ಒರೆಸಿದಳು. ಆಮೇಲೆ ಜೇಬಿನಿಂದ ಮಿಷನ್ ತೆಗೆದು, ಕಿವಿಗೆ ಹಾಕಿಕೊಂಡು, ಹತ್ತಿರ ಸರಿದು ಕೂತಳು.

"ಈಗ ಹೇಳು" ಅಂದಳು.